ಅದೇ ಹೆಸರಿನ ಇನ್ನೊಂದು

ಅನಿಷಾ ಹೇಳಿದ್ದು ಇಷ್ಟೇ, ಅದೂ ಕೊಡೆಯ ನೀರನ್ನು ಬಾಗಿಲಾಚೆ ಜಾಡಿಸುತ್ತ, ಬ್ರಹ್ಮಾವರದಿಂದ ನಿಂತೇ ಬಂದೆ ಎನ್ನುವುದಕ್ಕೂ ಟೀ ಬಂತಾ ಎನ್ನುವುದಕ್ಕೂ ನಡುವೆ ಸಿಕ್ಕಿಸಿ: “ಸರ್, ಬೆಳಿಗ್ಗೆ ಗಾಳಿದು ಮೆಸೇಜ್ ಕಳಿಸಿದ್ರಾ? ನಂಗೆ ಬರ್ಲಿಲ್ಲ.” ಯತೀಶ ಕಳಿಸಿದ್ದೇನೆ ಎಂದ. ಟವರಿನ ತಕರಾರಿರಬೇಕು ಎಂದೂ ಸೇರಿಸಿದ. ಹಾಗೆನ್ನುವಾಗಲೇ ಅವಳ ಕೈಯಲ್ಲಿದ್ದ ಫೋನು ಟಣ್ ಎಂದು ಯಾವುದೋ ರಿಂಗ್‌ಟೋನಿನ ಜಾಹೀರಾತನ್ನು ತಂದು ಹಾಕಿತು. ಅವಳು ಅದನ್ನು ಅಳಿಸಿ ತನ್ನ ಮೇಜಿಗೆ ಹೋದಳು. ಕುಂದಾಪುರದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆಯಂಗಡಿಯ ಮಾಳಿಗೆಯಲ್ಲಿ ಎರಡು ಕೋಣೆಯ ಸಾಫ್ಟ್‌ವೇರ್ ಆಫೀಸು ಅದು. ಮಳೆಗಾಲವಿಡೀ ಹೊಸ ಬಟ್ಟೆಯ ಗಂಜಿವಾಸನೆ, ಒದ್ದೆ ಗೋಡೆಯ ವಾಸನೆ ಒಟ್ಟಾಗಿ ಮೆಟ್ಟಿಲು ಹತ್ತಿ ಬರುತ್ತಿತ್ತು. ಯತೀಶನಿಗೆ ಆ ಹೊತ್ತಿಗೆ ಆ ವಾಸನೆ ತಡೆಯದಾಯಿತು. ಗಾಳಿಯ ಎಚ್ಚರಿಕೆ ಹೋಗುವ ದೋಣಿಯವರ ನಂಬರುಗಳ ಕೊನೆಗೆ ಅನಿಷಾಳ ನಂಬರನ್ನು ಸೇರಿಸಿದ್ದು ಅವನೇ, ಕಳಿಸಿದ್ದು ತಲುಪುತ್ತದೋ ಇಲ್ಲವೋ ಎಂದು ನೋಡಲು ಆಫೀಸಿನದೊಂದು ಫೋನು ಇರಲಿ ಎಂದು. ಅವಳಿಗೆ ಬರಲಿಲ್ಲ ಎಂದಾದರೆ, ಎಂದು ಶುರುವಾದ ಯೋಚನೆಯನ್ನು ಅವನು ಮುಂದುವರಿಸದೆ ಕಿಟಕಿಯ ಕಡೆ ನೋಡಿದ. ಕೆಳಗೆ ಬೈಂದೂರಿನ ಬಸ್ಸು ಹಾರ್ನ್ ಹೊಡೆಯುತ್ತ ಜನ ತುಂಬಿಸುತ್ತಿತ್ತು.

ಬೆಳಕು ಹರಿಯುವ ಮೊದಲೇ ಅವನು ಬಂದು ಮೂಲೆಯ ಕಂಪ್ಯೂಟರಿನ ಮುಂದೆ ಕೂತದ್ದು. ಮೀನುಗಾರಿಕೆ ಇಲಾಖೆಯ ಮೇಲ್ ಬಂದಿತ್ತು, ಸಂಜೆಯಿಂದ ಗಾಳಿ ಜೋರು, ಸಣ್ಣ ದೋಣಿಗಳು ಇಳಿಯಕೂಡದು ಎಂದು. ಅದನ್ನೇ ಚಿಕ್ಕದು ಮಾಡಿ ಟೈಪಿಸಿ ಗುಂಡಿ ಒತ್ತಿದ. ಶಿರೂರಿನ ಕರೆಯ, ಎಂದರೆ ಕಡಲದಂಡೆಯ, ದೋಣಿಯವರ ಹೆಸರುಗಳು ಪರದೆಯ ಮೇಲೆ ಒಂದೊಂದಾಗಿ ಹಸಿರಾದವು. ಭೋಜ: ಹೋಗಿದೆ. ಸುಬ್ಬ: ಹೋಗಿದೆ. ಸೂರ: ಹೋಗಿದೆ. ಎಂದಿಗಿಂತ ಬೇಗ ಬೇಗ ಹಸಿರಾಗುತ್ತಿವೆ ಎಂದು ಅವನಿಗೆ ಆಗಲೇ ಅನ್ನಿಸಿತ್ತು. ಅನ್ನಿಸಿ, ಒಳ್ಳೆಯದೇ ಆಯಿತಲ್ಲ ಎಂದೂ ಅನ್ನಿಸಿತ್ತು. ಮನೆಗೆ ಹೋಗಿ ಮುಖ ತೊಳೆದು ತಿಂಡಿ ತಿಂದ. ಶಾಲೆಗೆ ಮಳೆ ರಜೆ ಕೊಟ್ಟಿದ್ದಾರೆ ಎಂದು ಹೆಂಡತಿ ಪೂಜಿತಾ ಹೇಳಿದಳು. ಜ್ವರ ಬಿಟ್ಟು ಎದ್ದಿದ್ದ ಮಗಳು ಧನ್ಯಶ್ರೀ ಸೋಪಿನ ಡಬ್ಬಿಯನ್ನು ಕಿವಿಗಿಟ್ಟುಕೊಂಡು ಜಗಲಿಯ ಮೇಲೆ ಮಾತಾಡುತ್ತಿದ್ದಳು, ಹಲೋ, ಹಾಂ, ಸರಿ, ಇಡ್ತೆ. ಆಚೆಯವರು ಯಾರು ಎಂದು ಕೇಳಿದ್ದಕ್ಕೆ ಆಚೆ ಯಾರೂ ಇಲ್ಲ ಅಪ್ಪ, ಎರಡೂ ನಾನೇ ಎಂದಿದ್ದಳು. ಅವನು ನಕ್ಕು ಚಪ್ಪಲಿ ಮೆಟ್ಟಿದ್ದ.

ಮೆಸೇಜು ಹೊರಡುವ ಆ ಮೂಲೆಯ ಕಂಪ್ಯೂಟರಿನ ಮುಂದೆ ಮತ್ತೆ ಹೋಗಿ ಕೂತು ಫೋಲ್ಡರು ತೆರೆದ. ನೋಡುವ ಮೊದಲೇ ಗೊತ್ತಿತ್ತು. ಬಾಗಿಲು ಹಾಕಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವವನಿಗೆ, ಹಾಕಿಲ್ಲವೆಂದು ಒಳಗೊಳಗೇ ಗೊತ್ತಿರುವುದಿಲ್ಲವೇ, ಹಾಗೆ. ಪರೀಕ್ಷೆಗೆಂದು ಅವನೇ ಬರೆದ ಆ ಪುಟ್ಟ ಫೈಲು ಅಲ್ಲಿ, ಇರಬಾರದ ಜಾಗದಲ್ಲಿ, ಬೆಚ್ಚಗೆ ಕೂತಿತ್ತು. ನಿನ್ನೆ ಸಂಜೆ ಕರೆಂಟು ಹೋಗಿ ಇನ್ವರ್ಟರೂ ಕೂಗಿಕೊಳ್ಳುತ್ತಿದ್ದಾಗ, ಆರುವ ಮೊದಲು ಮುಗಿಸುವ ಎಂದು, ತನ್ನ ಮೇಜಿನಿಂದ ಈ ಮೂಲೆಗೆ ಪೆನ್‌ಡ್ರೈವಿನಲ್ಲಿ ಹೊತ್ತು ತಂದದ್ದು. ಬೇಕಾದ್ದನ್ನು ಮಾತ್ರ ಆರಿಸಿ ತರುವ ಪುರುಸೊತ್ತಿಲ್ಲದೆ ಇಡೀ ಫೋಲ್ಡರನ್ನೇ ಎತ್ತಿ ಹಾಕಿದ್ದ. ಮನೆಯಲ್ಲಿ ಮಗುವಿಗೆ ಆಗ ಜ್ವರ ಏರಿತ್ತು. ಪೂಜಿತಾ ಎರಡು ಸಲ ಫೋನು ಮಾಡಿದ್ದಳು. ಇದನ್ನೆಲ್ಲ ಯಾರಿಗೆ ಹೇಳುವುದು? ಹೇಳಿದರೆ ಅದು ಕಾರಣವಾಗುತ್ತದೋ, ನೆಪವಾಗುತ್ತದೋ?

ಭಾಷೆ ಪಿಎಚ್‌ಪಿ. ಹುಟ್ಟುವಾಗಲೇ ಕೆಲವು ಕೆಲಸಗಳನ್ನು ಕಲಿತುಕೊಂಡು ಬಂದ ಭಾಷೆ; ಇಂಥ ವಿಳಾಸಕ್ಕೆ ಹೋಗು, ಇದನ್ನು ಕೊಡು, ಉತ್ತರ ತಾ ಎಂದರೆ ಹೋಗಿ ತರುವುದಕ್ಕೆ ಅದರೊಳಗೇ ಒಂದು ಫಂಕ್ಷನ್ ಇದೆ. ಮೆಸೇಜು ಹೊರಡುವುದು ಅದರ ಕೈಯಿಂದ. ಆದರೆ ಭಾಷೆಗೆ ಇನ್ನೊಂದು ಗುಣವೂ ಇದೆ. ಅದನ್ನು ಅನಿಷಾಳಿಗೆ ಕಲಿಸುವಾಗ ಯತೀಶ ಹೀಗೆ ಹೇಳಿದ್ದ: ಊರಲ್ಲೊಬ್ಬ ಮಂಜ ಇದ್ದಾನೆ, ಎಲ್ಲರ ಮನೆಯ ಕೆಲಸಕ್ಕೂ ಅವನೇ. ನಿಮ್ಮ ಮನೆಯಲ್ಲೇ ಒಬ್ಬನಿಗೆ ಮಂಜ ಎಂದು ಹೆಸರಿಟ್ಟಿರಿ ಅಂತಿಟ್ಟುಕೊಳ್ಳಿ. ಮನೆಯ ಒಳಗಿನಿಂದ ಮಂಜಾ ಎಂದು ಕರೆದರೆ ಓಗೊಡುವವನು ಮನೆಯ ಮಂಜ. ಊರ ಮಂಜನಿಗೆ ಕೇಳುವುದೇ ಇಲ್ಲ. ಹಾಗೆ ಹುಟ್ಟುಗುಣದ ಫಂಕ್ಷನ್ನಿನ ಹೆಸರನ್ನೇ ತನ್ನದೊಂದಕ್ಕೆ ಇಟ್ಟು, ಮನೆಯೊಳಗೆ ಕೂರಿಸಿದ್ದ. ಅದು ಎಲ್ಲಿಗೂ ಹೋಗುವುದಿಲ್ಲ, ಯಾರನ್ನೂ ಕಾಣುವುದಿಲ್ಲ. ಕರೆದ ಕೂಡಲೇ ‘ಹೋಗಿದೆ’ ಎನ್ನುತ್ತದೆ. ಒಂದೇ ಸಾಲು. ಪರೀಕ್ಷೆಗೆ ಅಷ್ಟು ಸಾಕು, ಉಳಿದ ಲೆಕ್ಕಾಚಾರವೆಲ್ಲ ಸರಿಯಿದೆಯೇ ಎಂದು ನೋಡಲು ನಿಜವಾದ ಮೆಸೇಜು ಹೊರಗೆ ಹೋಗಬೇಕೆಂದಿಲ್ಲ. ಹೋಗಲೂಬಾರದು. ಹೋದದ್ದರ ಅನುಭವವೂ ಆಗಿತ್ತು. ಒಮ್ಮೆ ಮಧ್ಯಾಹ್ನ ‘ಪರೀಕ್ಷೆ ಪರೀಕ್ಷೆ’ ಎಂಬ ಮೆಸೇಜು ದೋಣಿಯವರಿಗೆಲ್ಲ ಹೋಗಿ, ಸಂಘದ ಅಧ್ಯಕ್ಷ ಭೋಜ ಮೀನು ಊಟ ಅರ್ಧಕ್ಕೆ ಬಿಟ್ಟು ಬಸ್ಸು ಹಿಡಿದು ಆಫೀಸಿನ ತನಕ ಬಂದಿದ್ದ. ಯಾರಿಗ್ ಪರೀಕ್ಷೆ, ನಾವೆಂತ ಶಾಲೆಗೆ ಹೋಪ ಮಕ್ಕಳಾ ಎಂದು ಮೆಟ್ಟಿಲಲ್ಲೇ ಶುರುಮಾಡಿದ್ದನ್ನು ಬಟ್ಟೆಯಂಗಡಿಯ ಗಿರಾಕಿಗಳೂ ಕೇಳಿದ್ದರು. ಭೋಜ ಹೋದ ಮೇಲೆ ಆಫೀಸಿನ ಮಾಲಕ ಗುಣಪಾಲ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕೂತಿದ್ದರು. ಅದು ಬೈಗುಳಕ್ಕಿಂತ ಹೆಚ್ಚು ತಾಗಿತ್ತು. ಆ ವಾರವೇ ಯತೀಶ ಈ ಒಂದು ಸಾಲು ಬರೆದ. ಬರೆದ ದಿನ ತಾನು ಸಣ್ಣದೊಂದು ಜಾಣತನ ಮಾಡಿದೆ ಎಂಬ ಸಂತೋಷದಲ್ಲಿ ಮಗಳಿಗೆ ಮಸಾಲೆ ಕಡಲೆ ಕಟ್ಟಿಸಿಕೊಂಡು ಹೋಗಿದ್ದ.

ಈಗ ಆ ಸಂತೋಷವನ್ನು ನೆನೆದರೆ ಕಿವಿ ಬಿಸಿಯಾಗುತ್ತಿತ್ತು. ತಪ್ಪು ಇದೊಂದೇ ಆಗಿದ್ದರೆ, ಮೆಸೇಜು ಬರಲಿಲ್ಲ, ಕೇಳಿ ನೋಡುವ ಎಂದು ಯಾರಾದರೂ ಫೋನು ಮಾಡುತ್ತಿದ್ದರು. ಯಾರೂ ಮಾಡಲಿಲ್ಲ, ಯಾಕೆಂದರೆ ಮೆಸೇಜು ಬರದಿದ್ದರೆ ಇಳಿಯಬಹುದು ಎಂದೇ ಅರ್ಥ. ಹಾಗೆ ಅರ್ಥ ಮಾಡಿಟ್ಟವನೂ ಅವನೇ. ಮೊದಲು ಶಿರೂರಿನ ಕರೆಯಲ್ಲಿ ಸೂರ ಎಂಬವನು ನಸುಕಿಗೆ ಮನೆಮನೆಯ ಅಂಗಳದಲ್ಲಿ ನಿಂತು ಕೂಗು ಹಾಕಿ ಹೋಗುತ್ತಿದ್ದ. ಇಳಿಯಬಹುದಾದ ದಿನ ಮಾತ್ರ ಕೂಗು. ಕೂಗು ಕೇಳದ ದಿನ ಗಂಡಸರು ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋಗುತ್ತಿದ್ದರು. ಸೂರನಿಗೆ ಜ್ವರ ಬಂದರೂ, ಕುಡಿದು ಮಲಗಿದರೂ, ಊರಿಗೆ ಊರೇ ಕಡಲಿಗಿಳಿಯದೆ ಉಳಿಯುತ್ತಿತ್ತು. ಅದಕ್ಕೆ ಬೈಯುತ್ತಿದ್ದರು, ನಗುತ್ತಲೂ ಇದ್ದರು. ಮೆಸೇಜಿನ ಏರ್ಪಾಡು ಬಂದ ಹೊಸತರಲ್ಲಿ ದಿನವೂ ಹೋಗುತ್ತಿತ್ತು, ಇಂದು ಇಳಿಯಬಹುದು ಎಂದು. ದಿನಾ ಟಣ್ ಅಂದರೆ ಯಾರು ಓದುತ್ತಾರೆ ಎಂದು ಭೋಜ ಅಂದಾಗ, ಹಾಗಾದರೆ ಇಳಿಯಬಾರದ ದಿನ ಮಾತ್ರ ಕಳಿಸುವ ಎಂದು ಯತೀಶ ಸಲಹೆ ಕೊಟ್ಟ. ಎಲ್ಲರೂ ತಲೆಯಾಡಿಸಿದರು. ಮಾತು ಬಂದರೆ ಹೋಗು ಎಂದಿದ್ದದ್ದು ಮಾತು ಬಾರದಿದ್ದರೆ ಹೋಗು ಎಂದಾಯಿತು. ಒಂದು ಮಧ್ಯಾಹ್ನದ ಚಾ ಕುಡಿದು ಮುಗಿಯುವುದರೊಳಗೆ. ಸೂರನ ನಿದ್ದೆಯಿಂದ ಯಾರೂ ಮುಳುಗುತ್ತಿರಲಿಲ್ಲ ಎಂಬುದು ಅಂದು ಯಾರಿಗೂ ಹೊಳೆಯಲಿಲ್ಲ.

ಸುಬ್ಬನ ನಂಬರು ಒತ್ತಿದ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಹೆಂಗಸೊಬ್ಬಳು ಸಮಾಧಾನದಿಂದ ಹೇಳಿದಳು. ಸುಬ್ಬ ಯತೀಶನ ಅಕ್ಕ ಚಂದ್ರಮತಿಯ ಗಂಡ. ದೊಡ್ಡ ನಾಡದೋಣಿಯ ತಾಂಡೇಲ, ಅವನ ಮಾತಿನ ಮೇಲೆ ದೋಣಿ ತುಂಬ ಜನ ಏಳುತ್ತಾರೆ, ಕೂರುತ್ತಾರೆ. ಭೋಜನ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಕೊನೆಗೆ ಅಕ್ಕನಿಗೇ ಮಾಡಿದ. ಆಚೆಯಿಂದ ಗಾಳಿಯ ಸದ್ದು, ಅದರ ಮೇಲೆ ಅವಳ ದನಿ.

“ಎಂತ ತಮ್ಮ, ಈ ಹೊತ್ತಿಗೆ?”

“ಭಾವ ಎಲ್ಲಿದ್ರ್?”

“ಎಲ್ಲಿರ್ತ್ರ್, ಕಡ್ಲಗೆ. ನಿನ್ ಮೆಸೇಜ್ ಬರ್ಲಿಲ್ಲೆ ಅಲ್ದಾ, ಬೆಳ್ಗಾತೇ ಇಳ್ದ್ರ್. ಎಂತಕೆ ಕೇಂಡದ್ದ್?”

“ಸುಮ್ನೆ.”

“ಸುಮ್ನೆ ಫೋನ್ ಮಾಡುವವ ಅಲ್ಲ ನೀ. ಹೆಣ್ಣಿಗೆ ಜ್ವರ ಬಿಡ್ತಾ?”

ಬಿಟ್ಟಿದೆ ಎಂದ. ಶುಂಠಿ ಕಷಾಯ ಕೊಡು, ಇಂಗ್ಲಿಷ್ ಮದ್ದು ಕೊಟ್ಟು ಕೊಟ್ಟು ಹೆಣ್ಣನ್ನು ಕಡ್ಡಿ ಮಾಡಿ ಇಟ್ಟಿದ್ದೀರಿ ಎಂದು ಬೈದು ಅವಳು ಫೋನಿಟ್ಟಳು. ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಹೇಳಿದರೆ ಅವಳಾದರೂ ಏನು ಮಾಡಿಯಾಳು, ಕರೆಯಲ್ಲಿ ನಿಂತು ಸೆರಗು ಬೀಸಿಯಾಳು, ಎದೆ ಬಡಿದುಕೊಂಡಾಳು, ಅಷ್ಟು ದೂರ ಹೋದ ದೋಣಿಗೆ ಅದು ಕಂಡೀತೇ ಎಂದು ತನಗೆ ತಾನೇ ವಾದಿಸಿದ. ವಾದ ಸರಿಯಿತ್ತು. ಸರಿಯಿದ್ದದ್ದರಿಂದಲೇ ಅದರ ಮೇಲೆ ನಂಬಿಕೆ ಬರಲಿಲ್ಲ. ಫೈಲನ್ನು ಅಳಿಸಿದ. ಅಳಿಸಲು ಕ್ಷಣವೂ ಬೇಕಾಗಲಿಲ್ಲ. ಇನ್ನು ಗುಂಡಿ ಒತ್ತಿದರೆ ಮೆಸೇಜು ನಿಜವಾಗಿಯೂ ಹೋಗುತ್ತದೆ. ದೋಣಿಯಲ್ಲಿದ್ದವರಿಗೆ ಸಿಗ್ನಲ್ ಇಲ್ಲ, ದಡದಲ್ಲಿರುವ ಹೆಂಗಸರಿಗೆ ಹೋಗುತ್ತದೆ. ಎಲ್ಲರೂ ಇಳಿದಾದ ಮೇಲೆ ಇಳಿಯಬೇಡಿ ಎನ್ನುವ ಮೆಸೇಜು. ಆಗ ಎಲ್ಲರಿಗೂ ಗೊತ್ತಾಗುತ್ತದೆ. ಬೆರಳು ಮೌಸಿನ ಮೇಲೆ ಇತ್ತು, ಅದು ತನ್ನದಲ್ಲವೆಂಬಂತೆ ಅವನು ಅದನ್ನು ನೋಡುತ್ತಿದ್ದ. ಅಷ್ಟರಲ್ಲಿ ಮೆಟ್ಟಿಲಲ್ಲಿ ಗುಣಪಾಲರ ನಗು ಕೇಳಿಸಿತು. ಬೆರಳು ಹಿಂದೆ ಬಂತು. ನೆಪ ಸಿಕ್ಕಿದ್ದಕ್ಕೆ ಮನಸ್ಸು ಹಗುರಾಯಿತೆಂಬುದನ್ನು ಅವನು ಗಮನಿಸಿದ, ಗಮನಿಸಿ ಹೇಸಿದ.

ಗುಣಪಾಲರು ಸಿದ್ದಾಪುರದ ಕಡೆಯ ಜಮೀನಿನವರು. ಮುಂಬೈಯಲ್ಲಿ ಹೋಟೆಲು ನಡೆಸಿ ವಾಪಸಾದ ಮೇಲೆ ಈ ಆಫೀಸು ತೆರೆದವರು. ಯತೀಶನನ್ನು ಕೆಲಸಕ್ಕೆ ತೆಗೆದುಕೊಂಡ ದಿನ, ಬಲೆಯ ಮನೆಯಿಂದ ಬಂದವನಿಗೆ ಈ ಬಲೆ ಕಷ್ಟವಲ್ಲ ಎಂದು ಕಂಪ್ಯೂಟರಿನ ಮೇಲೆ ತಟ್ಟಿದ್ದರು. ಅದು ಹೊಗಳಿಕೆಯೋ ಏನೋ ಇಷ್ಟು ವರ್ಷವಾದರೂ ತೀರ್ಮಾನವಾಗಿರಲಿಲ್ಲ. ಇಂದು ಇಬ್ಬರನ್ನು ಕರೆತಂದಿದ್ದರು, ಹಾಲಿನ ಸೊಸೈಟಿಯವರು, ಅವರಿಗೂ ಇಂಥದೇ ಮೆಸೇಜಿನ ಏರ್ಪಾಡು ಬೇಕಿತ್ತು. ಯತೀಶ, ಆ ಹಸಿರು ಮಾಡಿ ತೋರಿಸು ಮಾರಾಯ ಎಂದರು. ಅವನು ತನ್ನ ಮೇಜಿಗೆ ಬಂದು ಪರೀಕ್ಷೆಗಳನ್ನು ಓಡಿಸಿದ. ಗಾಳಿ ಬಂದರೆ ಮೆಸೇಜು ಹೋಗುತ್ತದೆಯೇ, ಹಸಿರು. ನಂಬರು ತಪ್ಪಿದ್ದರೆ ಬಿಟ್ಟು ಮುಂದೆ ಹೋಗುತ್ತದೆಯೇ, ಹಸಿರು. ಗದ್ದೆಗೆ ನೀರು ಬಿಟ್ಟ ಹಾಗೆ ಪರದೆಯ ಮೇಲಿಂದ ಕೆಳಕ್ಕೆ ಹಸಿರು ಇಳಿಯಿತು. ಬಂದವರಲ್ಲಿ ವಯಸ್ಸಾದವರು ಕನ್ನಡಕ ಸರಿಮಾಡಿ, ಈಗ ಇದು ಯಾರಿಗಾದರೂ ಹೋಯಿತಾ ಎಂದು ಕೇಳಿದರು. ಕುತೂಹಲದ ಸಾದಾ ಪ್ರಶ್ನೆ. ಇಲ್ಲ, ಯಾರಿಗೂ ಹೋಗಿಲ್ಲ, ಇದು ಹೋಗದೇ ‘ಹೋಗಿದೆ’ ಎನ್ನುತ್ತದೆ ಎಂದು ಯತೀಶ ಹೇಳಲು ಹೊರಟ. ಹೇಳಿದರೆ ಮುಂದಿನದೂ ತಾನಾಗಿ ಬಂದೀತೆಂದು ಆಸೆಯೂ ಆಯಿತು. ಗುಣಪಾಲರು ನಡುವೆ ಬಂದು, ಹೋಗಿದೆ ಅಂತ ಬಂದಿದೆಯಲ್ಲ ಎಂದು ಹೆಗಲು ತಟ್ಟಿದರು. ಮೂವರೂ ನಕ್ಕರು. ಯತೀಶನೂ ನಕ್ಕ. ಅನಿಷಾ ಮಾತ್ರ ತನ್ನ ಮೇಜಿನಿಂದ ತಲೆಯೆತ್ತಿ ಅವನನ್ನು ಒಮ್ಮೆ ನೋಡಿ ಮತ್ತೆ ತಗ್ಗಿಸಿದಳು. ಅವಳಿಗೆ ಎಲ್ಲ ತಿಳಿದುಹೋಗಿದೆ ಎಂದುಕೊಂಡ. ಅಥವಾ ಏನೂ ತಿಳಿದಿಲ್ಲ, ಟೀ ಇನ್ನೂ ಬಂದಿಲ್ಲ ಎಂಬುದಷ್ಟೇ ಆ ನೋಟದಲ್ಲಿದ್ದದ್ದು. ಎರಡರಲ್ಲಿ ಯಾವುದು ಹೆಚ್ಚು ಒಳ್ಳೆಯದೆಂದು ಅವನಿಗೆ ಗೊತ್ತಾಗಲಿಲ್ಲ.

ಅವರೆಲ್ಲ ಊಟಕ್ಕೆ ಇಳಿದು ಹೋದ ಮೇಲೆ ಮೂಲೆಗೆ ಹೋಗಿ ಗುಂಡಿ ಒತ್ತಿದ. ಬೆಳಗಿನ ಮೆಸೇಜೇ, ಅಕ್ಷರ ಬದಲಿಸದೆ. ಈ ಸಲ ಪರದೆ ಒದ್ದಾಡಿತು. ಒಂದೊಂದು ಹೆಸರಿನ ಮುಂದೆಯೂ ತಡೆದು ತಡೆದು ನಿಂತಿತು. ‘ಸ್ವೀಕರಿಸಲಾಗಿದೆ, ಸಾಲಿನಲ್ಲಿದೆ’ ಎಂದಿತು, ಹಸಿರೂ ಅಲ್ಲದ ಕೆಂಪೂ ಅಲ್ಲದ ಬಣ್ಣದಲ್ಲಿ. ನಿಜ ಎಂದರೆ ಹೀಗಿರುತ್ತದೆ, ಇಷ್ಟು ನಿಧಾನ, ಇಷ್ಟು ಅನುಮಾನ. ಇದನ್ನು ಬೆಳಿಗ್ಗೆಯೇ ಕಂಡುಹಿಡಿಯಬೇಕಿತ್ತು. ಅನಿಷಾಳ ಫೋನು ಅವಳ ಊಟದ ಡಬ್ಬಿಯ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಕಾದ. ಬರಲಿಲ್ಲ. ಮಳೆಗೆ ಎಲ್ಲೋ ಟವರಿನ ಕರೆಂಟು ಹೋಗಿರಬೇಕು ಎಂದಳು ಅವಳು, ಅವನು ಕೇಳದಿದ್ದರೂ. ಅಕ್ಕನಿಗೆ ಮತ್ತೆ ಮಾಡಿದರೆ ಅವಳದೂ ಈಗ ವ್ಯಾಪ್ತಿಯಿಂದ ಹೊರಗೆ. ಕೊಡೆ ತೆಗೆದುಕೊಂಡು ಕೆಳಗಿಳಿದಾಗ ಗುಣಪಾಲರು ಹೋಟೆಲಿನ ಬಾಗಿಲಲ್ಲಿ ಹಲ್ಲಿಗೆ ಕಡ್ಡಿ ಹಾಕುತ್ತ ನಿಂತಿದ್ದರು. ಮಗಳಿಗೆ ಹುಷಾರಿಲ್ಲ, ಮನೆಗೆ ಹೋಗುತ್ತೇನೆ ಎಂದ. ಹೇಳಿದ ಮೇಲೆ, ಬಿಟ್ಟುಹೋದ ಜ್ವರವನ್ನು ಹೆಸರು ಹಿಡಿದು ಕರೆದಂತಾಯಿತು. ಗಿರಾಕಿ ಬಂದ ದಿನವೇ ನಿನಗೆ ಮನೆ ನೆನಪಾಗುವುದಲ್ಲ ಎಂದು ಅವರು ಸಂಗಡಿಗರ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

ಶಿರೂರಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹೆಮ್ಮಾಡಿ ದಾಟುವವರೆಗೆ ಏನೂ ಕಾಣಲಿಲ್ಲ, ಗಾಜಿನ ಮೇಲೆ ಹಬೆ. ಮರವಂತೆಯಲ್ಲಿ, ರಸ್ತೆಯ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು ಬರುವಲ್ಲಿ, ಅವನು ಗಾಜನ್ನು ಅಂಗೈಯಿಂದ ಒರೆಸಿದ. ಕಡಲು ಇತ್ತು. ಅಷ್ಟೇ ಹೇಳಬಹುದಾಗಿದ್ದದ್ದು. ಬೂದಿಬಣ್ಣಕ್ಕೆ, ದೊಡ್ಡದಾಗಿ, ಕಲ್ಲುಗಳ ಮೇಲೆ ಎದ್ದು ಬೀಳುತ್ತ ಇತ್ತು. ದಿನದಂತೆಯೋ, ದಿನಕ್ಕಿಂತ ಜೋರಾಗಿಯೋ ಅವನಿಗೆ ತಿಳಿಯಲಿಲ್ಲ. ತಿಳಿಯಬೇಕಾಗಿತ್ತು. ಅಪ್ಪ ಕರಿಯ ಅವನನ್ನು ಒಂದೇ ಒಂದು ಸಲ ದೋಣಿಗೆ ಹತ್ತಿಸಿದ್ದು. ಅಂದು ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಅವನು ಕಾರಿಕೊಂಡು ಕಾರಿಕೊಂಡು, ಇನ್ನು ಕಾರಲು ಏನೂ ಉಳಿಯದೆ ಬರೀ ಸದ್ದು ಮಾಡುತ್ತ ಅಪ್ಪನ ಕಾಲು ಹಿಡಿದುಕೊಂಡಿದ್ದ. ಬೀಸಬೇಕಾದ ಬಲೆ ಬಿಟ್ಟು ದೋಣಿಯನ್ನು ತಿರುಗಿಸಿದ್ದರು. ದೋಣಿಯವರು ಯಾರೂ ಬೈಯಲಿಲ್ಲ. ಅಪ್ಪ ಅವನನ್ನು ಎತ್ತಿ ಮರಳಿನ ಮೇಲೆ ನಿಲ್ಲಿಸಿ, ಮತ್ತೆ ಹತ್ತಿ ಹೊರಟುಹೋದ. ಅಂದಿನಿಂದ ಮನೆಗೆ ಬಂದವರಿಗೆಲ್ಲ ಇವ ಬರಹದವ ಎಂದೇ ಹೇಳುತ್ತಿದ್ದ. ಹೆಮ್ಮೆಯಿಂದಲೇ ಹೇಳುತ್ತಿದ್ದ. ಸುಬ್ಬ ಭಾವ ಮದುವೆಗೆ ಹೆಣ್ಣು ನೋಡಲು ಬಂದ ದಿನವೂ ಅದೇ ಮಾತು, ಇವ ನಮ್ಮ ಬರಹದವ. ಸುಬ್ಬ ಆಗ ಅವನ ಕೈಯನ್ನು ತೆಗೆದುಕೊಂಡು ಅಂಗೈ ತಿರುಗಿಸಿ ನೋಡಿ, ಹೂವಿನ ಹಾಗಿತ್ತಲೆ ಎಂದಿದ್ದ. ಮುಂದಿನ ಸೀಟಿನಲ್ಲಿ ಹೆಂಗಸೊಬ್ಬಳು ಮಗುವಿನ ತಲೆಗೆ ಸೆರಗು ಹೊದೆಸಿ, ಗಾಳಿ ಕಾಣ್, ಗಾಳಿ ಕಾಣ್ ಎನ್ನುತ್ತಿದ್ದಳು. ತೆಂಗಿನ ಮರಗಳು ಒಂದೇ ಕಡೆಗೆ ವಾಲುತ್ತಿದ್ದವು. ಬಿಜೂರು, ಬೈಂದೂರು. ಭಾವನಿಗೆ ಏನಾದರೂ ಆದರೆ ಹೇಳುವುದಕ್ಕೆಂದು ಮಾತುಗಳು ತಾವಾಗಿಯೇ ತಲೆಯೊಳಗೆ ಜೋಡಣೆಯಾಗುತ್ತಿದ್ದವು. ಅದರಲ್ಲಿ ಟವರಿನ ಹೆಸರು ಬಂತು, ಕರೆಂಟಿನ ಹೆಸರು ಬಂತು, ಮಗುವಿನ ಜ್ವರವೂ ಬಂತು. ನಿಲ್ಲಿಸಲು ನೋಡಿದ, ಆಗಲಿಲ್ಲ.

ಕರೆಗೆ ಇಳಿದಾಗ ಮೊದಲು ಕಂಡದ್ದು ಜನ. ಗುಂಪು ಕಂಡ ಕೂಡಲೇ ಕಾಲು ನಿಂತುಹೋಯಿತು. ಹೆಣವಿದ್ದಲ್ಲಿಯೂ ಜನ ಹೀಗೆಯೇ ಸುತ್ತುಗಟ್ಟಿ ನಿಲ್ಲುತ್ತಾರೆ. ಆಮೇಲೆ ನಗು ಕೇಳಿತು. ಇಳಿದಿದ್ದ ದೋಣಿಗಳೆಲ್ಲ ದಡಕ್ಕೆ ಬಂದಿದ್ದವು. ಬುಟ್ಟಿಬುಟ್ಟಿ ಬಂಗುಡೆ, ಮರಳಿನ ಮೇಲೆ ರಾಶಿ. ಹೆಂಗಸರು ಮೊಣಕಾಲವರೆಗೆ ಸೀರೆ ಕಟ್ಟಿ ಹೊರುತ್ತಿದ್ದರು. ಸುಬ್ಬ ದೋಣಿಯ ಅಂಚಿಗೆ ಒರಗಿ, ತಲೆಯ ಮುಂಡಾಸು ಬಿಚ್ಚಿ ಹಿಂಡುತ್ತಿದ್ದ. ಬದುಕಿದ್ದ. ಯತೀಶನ ಕಣ್ಣು ಮಂಜಾಯಿತು. ಅಷ್ಟರಲ್ಲಿ ಸುಬ್ಬ ಕೈಯೆತ್ತಿ ಕರೆದ.

“ಹ್ವಾಯ್, ಬಾ ಮಾರಾಯ. ನಿಂದೇ ಸುದ್ದಿ ಆತಿತ್ತ್.”

ಎಲ್ಲರೂ ತಿರುಗಿ ನೋಡಿದರು. ಚಂದ್ರಮತಿ ತಲೆಯ ಮೇಲಿನ ಬುಟ್ಟಿಯನ್ನು ಇಳಿಸದೆಯೇ ನಕ್ಕಳು. ಸುದ್ದಿ ಏನೆಂದರೆ, ಬೆಳಿಗ್ಗೆ ಟಿವಿಯಲ್ಲಿ ಗಾಳಿ ಎಂದು ಹೇಳಿದ್ದರಂತೆ, ಅದನ್ನು ಕೇಳಿ ಹತ್ತಿರದ ಯಾವ ಕರೆಯ ದೋಣಿಯೂ ಇಳಿದಿರಲಿಲ್ಲವಂತೆ. ಇಳಿದದ್ದು ಇವರದ್ದು ಮಾತ್ರ. ಗುಂಪು ಮೀನು ಇವರೊಬ್ಬರಿಗೇ ಸಿಕ್ಕಿತ್ತು. ಎಲ್ಲ ಕಡೆಗೂ ಎಚ್ಚರಿಕೆ ಹೋಗಿ ಇವರಿಗೆ ಮಾತ್ರ ಹೋಗಲಿಲ್ಲವೆಂದರೆ ಅದಕ್ಕೆ ಅರ್ಥ ಒಂದೇ, ಯತೀಶ ಬೇಕೆಂದೇ ತಡೆದಿಟ್ಟಿದ್ದಾನೆ ಎಂದು ಅವರು ಆಗಲೇ ಮಾತಾಡಿ ಮುಗಿಸಿದ್ದರು. ಭೋಜ ಹತ್ತಿರ ಬಂದು, ಮೀನಿನ ಕೈಯನ್ನು ಯತೀಶನ ಅಂಗಿಗೆ ತಾಗದಂತೆ ಎತ್ತಿ ಹಿಡಿದು, ಮೊಣಕೈಯಿಂದ ತಿವಿದ.

“ಮಿಷನಿಗ್ ಮನಸ್ಸಿಲ್ಲೆ ಅಂದೇಳಿ ನಾನೇ ಹೇಳಿದ್ದೆ. ಮಿಷನಿನ್ ಹಿಂದ್ ಕೂಕಂಡವ್ನಿಗೆ ಇತ್ತಲೆ.”

“ಅಲ್ಲ ಭೋಜಣ್ಣ,” ಎಂದ ಯತೀಶ. “ನಾ ಕಳ್ಸಿದ್ದೆ. ಹೋಯ್ಲಿಲ್ಲೆ. ನನ್ ತಪ್ಪ್ ಅದ್.”

“ಹೌದೌದ್. ನಾಳೆ ಯಾರಾರೂ ಕೇಂಡ್ರೆ ಹಾಂಗೇ ಹೇಳ್. ನಾವೂ ಹಾಂಗೇ ಹೇಳ್ತೊ.”

ಸುತ್ತಲಿನವರು ನಕ್ಕರು, ಅದರಲ್ಲಿ ಪ್ರೀತಿ ಇತ್ತು. ಇಷ್ಟು ವರ್ಷದಲ್ಲಿ ಈ ಕರೆಯ ಗಂಡಸರು ಅವನನ್ನು ನೋಡಿ ಹೀಗೆ ನಕ್ಕದ್ದೇ ಇಲ್ಲ. ಬರಹದವನು ಬಂದರೆ ಮಾತು ತಗ್ಗಿಸಿ, ಕೂರಲು ಒಣ ಜಾಗ ಮಾಡಿಕೊಡುತ್ತಿದ್ದರು, ಅಷ್ಟೇ. ಇಂದು ಸೂರ ಬಂದು ಅವನ ಬೆನ್ನಿಗೆ ಗುದ್ದಿದ. ಯತೀಶ ಮತ್ತೆ ಶುರುಮಾಡಿದ, ಒಂದು ಫೈಲು ತಪ್ಪಿ ಹೋಗಿತ್ತೆಂದ, ಅದು ಕಳಿಸದೆಯೇ ಕಳಿಸಿದೆ ಎನ್ನುತ್ತದೆ ಎಂದ. ಮ್ಯಾಲಿನವ್ರಿಗೆ ಹೇಳುಕೆ ಒಳ್ಳೇ ಮಾತ್ ಅದು ಎಂದು ಯಾರೋ ಹಿಂದಿನಿಂದ ಅಂದರು. ಅವನು ಹೇಳಿದಷ್ಟೂ ಅದು ಅವರಿಗೆ ಇನ್ನಷ್ಟು ಜಾಣತನವಾಗಿ ಕಾಣುತ್ತಿತ್ತು. ಕೊನೆಕೊನೆಗೆ ಅವನ ಕಿವಿಗೂ ತನ್ನ ಮಾತು ಕಟ್ಟಿದ ಮಾತಿನಂತೆ ಕೇಳತೊಡಗಿತು.

ಆಗ ಟವರಿಗೆ ಕರೆಂಟು ಬಂದಿರಬೇಕು. ಭೋಜನ ಕಿಸೆಯಲ್ಲಿ ಟಣ್ ಎಂದಿತು. ಸುಬ್ಬನ ದೋಣಿಯ ಪ್ಲಾಸ್ಟಿಕ್ ಡಬ್ಬಿಯೊಳಗೆ, ಚಂದ್ರಮತಿಯ ಸೊಂಟದಲ್ಲಿ, ಸೂರನ ಅಂಗಿಯಲ್ಲಿ, ಇಡೀ ಕರೆಯುದ್ದಕ್ಕೂ ಒಂದರ ಹಿಂದೊಂದು ಫೋನುಗಳು ಸದ್ದು ಮಾಡಿದವು. ಸುಬ್ಬ ಡಬ್ಬಿ ತೆರೆದು, ಕಣ್ಣಿನಿಂದ ದೂರ ಹಿಡಿದು, ರೇಡಿಯೋದವರ ದನಿಯಲ್ಲಿ ಓದಿದ: ಇಂದು ಸಂಜೆಯಿಂದ ಗಾಳಿ ಜೋರು, ಕಡಲಿಗೆ ಇಳಿಯಬೇಡಿ. ನಗೆ ಹೊಟ್ಟೆ ಹಿಡಿದುಕೊಳ್ಳುವಷ್ಟಾಯಿತು.

“ಕಾಣಿ, ಈಗ ಕಳ್ಸಿದ. ಕಳ್ಸಿದ್ದೆ ಅಂದೇಳಿ ತೋರ್ಸುಕಾರೂ ಬೇಕಲೆ,” ಎಂದ ಸುಬ್ಬ.

“ಭಾವ, ಇದ್ ನಿಜದ್ದ್.”

ಸುಬ್ಬ ಅವನ ಮುಖ ನೋಡಿದ. ಒಂದು ಗಳಿಗೆ, ಅವನಿಗೆ ಅರ್ಥವಾಯಿತೆಂದೇ ಯತೀಶನಿಗೆ ತೋರಿತು. ಆಮೇಲೆ ಸುಬ್ಬ ಮುಂಡಾಸನ್ನು ಮತ್ತೆ ತಲೆಗೆ ಸುತ್ತಿಕೊಳ್ಳತೊಡಗಿದ. ಗುಂಪು ಮೀನು ಇನ್ನೂ ಹತ್ತಿರವೇ ಇದೆ, ಕತ್ತಲೆಯಾಗುವ ಮೊದಲು ಒಂದು ಬಲೆ ಹಾಕಿ ಬರುತ್ತೇವೆ ಎಂದ. ಹೋದ ತಿಂಗಳೂ ಗಾಳಿ ಗಾಳಿ ಎಂದು ಕೂರಿಸಿದಿರಲ್ಲ, ಎಲೆ ಅಲ್ಲಾಡಿತೇ ಎಂದ. ಹಾಗೆ ಹೇಳುವಾಗಲೂ ದನಿಯಲ್ಲಿ ಸಿಟ್ಟಿರಲಿಲ್ಲ.

“ಹೋಪ್ದ್ ಬೇಡ, ಭಾವ. ದಮ್ಮಯ್ಯ.”

“ನಿನ್ ಕೆಲ್ಸ ನೀ ಮಾಡ್ದೆ,” ಎಂದ ಸುಬ್ಬ, ಮೆಲ್ಲಗೆ, ಸಮಾಧಾನ ಹೇಳುವವನಂತೆ. “ಇನ್ ಹೆದ್ರಬೇಡ. ನಿನ್ ಹೆಸ್ರ್ ಎಲ್ಲೂ ಬಪ್ಪುದಿಲ್ಲೆ.”

ಬಲೆ ಒಳಗೆ ಬಿತ್ತು. ಜನ ಏರುವವರು ಏರಿದರು, ಉಳಿದವರು ದೋಣಿಯ ಎರಡು ಬದಿಗೆ ಸರಿದರು. ಆ ಕರೆಯಲ್ಲಿ ದೋಣಿ ನೀರಿಗಿಳಿಯುವಾಗ ದಡದಲ್ಲಿ ನಿಂತವನು ಹೆಗಲು ಕೊಡಲೇಬೇಕು. ಮೀನು ಕೊಳ್ಳಲು ಬಂದವನಾದರೂ, ಮದುವೆಯ ಕರೆಯೋಲೆ ಕೊಡಲು ಬಂದವನಾದರೂ ಸರಿ. ಕೈಕಟ್ಟಿ ನಿಂತರೆ ಅದು ದೋಣಿಗೆ ಶಾಪ ಹಾಕಿದ ಹಾಗೆ. ಹಾಗೆ ನಿಂತವನನ್ನು ಯಾರೂ ಮರೆಯುವುದಿಲ್ಲ. ಯತೀಶ ನಿಂತೇ ಇದ್ದ. ಅಡ್ಡ ಮಲಗಿಬಿಡಬೇಕು ಎನ್ನಿಸಿತು, ಮರಳಿನ ಮೇಲೆ, ದೋಣಿಯ ಮೂಗಿನ ಮುಂದೆ. ಮಲಗಿದರೆ ಎತ್ತಿ ಬದಿಗಿಡುತ್ತಾರೆ, ನಗುತ್ತಲೇ ಎತ್ತಿ ಇಡುತ್ತಾರೆ. ಹಿಂದೊಮ್ಮೆ ಅಪ್ಪ ಎತ್ತಿ ನಿಲ್ಲಿಸಿದ್ದೂ ಇಂಥದೇ ಮರಳಿನ ಮೇಲೆ. ಗಾಳಿ ಅವನ ಒದ್ದೆ ಅಂಗಿಯನ್ನು ಬೆನ್ನಿಗೆ ಒತ್ತಿ ಹಿಡಿದಿತ್ತು. ಅದು ಏರಿದೆಯೋ, ಬೆಳಗಿನಿಂದಲೂ ಇಷ್ಟೇ ಇತ್ತೋ, ಕೇಳೋಣವೆಂದರೆ ಗೊತ್ತಿದ್ದವರೆಲ್ಲ ದೋಣಿಯ ಕಡೆ ಮುಖಮಾಡಿದ್ದರು.

“ಕೈ ಕೊಡ್ ತಮ್ಮ,” ಎಂದಳು ಚಂದ್ರಮತಿ, ಆಗಲೇ ಹೆಗಲು ಕೊಟ್ಟು ಬಾಗಿ ನಿಂತಿದ್ದವಳು. “ಎಂತ ಕಾಂಬ್ದ್ ಹಾಂಗೆ? ಅಪಶಕುನ.”

ಅವನು ಹೋದ. ಅಕ್ಕನ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ದೋಣಿಯ ಮೈ ತಣ್ಣಗಿತ್ತು, ಜಾರುತ್ತಿತ್ತು, ಅದರ ಮೇಲೆ ಅವನು ಎರಡೂ ಅಂಗೈಗಳನ್ನು ಊರಿದ. ಸೂರ ಎತ್ತರದ ದನಿಯಲ್ಲಿ ಐಲೇಸಾ ಎಂದು ಎಳೆದ, ಎಲ್ಲರೂ ಅದಕ್ಕೆ ದನಿ ಕೂಡಿಸಿದರು, ಯತೀಶನ ಬಾಯಿಂದಲೂ ಅದೇ ಸದ್ದು ಹೊರಟಿತು. ಮೊದಲು ಅಲುಗಲಿಲ್ಲ. ನೂಕದೆ ನೂಕಿದ ಹಾಗೆ ಮಾಡಬಹುದು ಎಂದು ಒಂದು ಕ್ಷಣ ಹೊಳೆಯಿತು. ಅಷ್ಟರಲ್ಲಿ ಪಕ್ಕದಲ್ಲಿ ಅಕ್ಕನ ಕತ್ತಿನ ನರ ಉಬ್ಬಿದ್ದು ಕಂಡಿತು, ಅವಳ ಕಾಲು ಮರಳಿನಲ್ಲಿ ಹಿಂದಕ್ಕೆ ಜಾರುತ್ತಿತ್ತು. ಅವಳೊಬ್ಬಳ ಮೇಲೆ ಭಾರ ಬೀಳಬಾರದೆಂದು ಅವನು ಮೈಯೆಲ್ಲ ಹಾಕಿ ನೂಕಿದ. ದೋಣಿ ಸರಿಯಿತು. ಮತ್ತೆ ನೂಕಿದ. ನೀರು ಹಿಮ್ಮಡಿಗೆ ಬಂತು, ಮೊಣಕಾಲಿಗೆ ಬಂತು, ತೆರೆಯೊಂದು ಬಂದು ದೋಣಿಯನ್ನು ಅವರೆಲ್ಲರ ಕೈಯಿಂದ ಎತ್ತಿಕೊಂಡಿತು. ಒತ್ತಿಹಿಡಿದದ್ದು ಒಮ್ಮೆಲೇ ಇಲ್ಲವಾಗಿ ಅವನು ಮುಗ್ಗರಿಸಿ ನೀರಿನಲ್ಲಿ ಮಂಡಿಯೂರಿದ. ಏಳುವಷ್ಟರಲ್ಲಿ ಎಂಜಿನ್ನಿನ ಸದ್ದು ಆಚೆ ತೆರೆಯ ಹಿಂದಕ್ಕೆ ಹೋಗಿತ್ತು. ಸುಬ್ಬ ತಿರುಗಿ ನೋಡಲಿಲ್ಲ, ಹೊರಟ ದೋಣಿಯಿಂದ ತಿರುಗಿ ನೋಡುವ ಪದ್ಧತಿ ಇಲ್ಲ. ಚಂದ್ರಮತಿ ಅವನ ರಟ್ಟೆ ಹಿಡಿದು ಎಬ್ಬಿಸಿ, ಸೆರಗಿನ ತುದಿಯಿಂದ ಅವನ ಮುಖದ ಮೇಲಿನ ಉಪ್ಪುನೀರನ್ನು ಒರೆಸುತ್ತ, ಪೇಟೆಯವನಿಗೆ ಒಳ್ಳೆಯ ಬಲವೇ ಇದೆ ಎಂದು ಉಳಿದ ಹೆಂಗಸರಿಗೆ ಹೇಳಿದಳು.